ಗಾಲಿಕುರ್ಚಿಯಾಗ ಹುಬ್ಬಳ್ಳಿಯಿಂದ ಬೆಂಗಳೂರು: ರೈಲು, ಮೆಟ್ರೋ, ಬಸ್ಸು ಎಲ್ಲಾ ಹತ್ತಿ ಬಂದ ಮ್ಯಾಲೆ

ಮೊನ್ನೆ ಬೆಂಗಳೂರಿಂದ ವಾಪಸ್ ಬಂದೇನ್ರಿ, ಭುಜದ ನೋವು ಇನ್ನೂ ಇಳದಿಲ್ಲ, ಆದ್ರೂ ಮರಿಯೂಕಿಂತ ಮೊದಲ ಬರದು ಬಿಡೂನು ಅಂತ ಕುಂತೇನಿ. ಹೋಗೂ ಮುಂದ ಯಾರನ್ನ ಕೇಳಿದ್ರೂ ಎರಡ ನಮೂನಿ ಉತ್ತರ ಬರ್ತಿದ್ವು. ಒಂದು, "ಈಗೇನು ತೊಂದ್ರಿ ಇಲ್ಲ, ಎಲ್ಲಾ ಕಡೆ ಲಿಫ್ಟ್ ಐತಿ, ಆರಾಮ ಹೋಗಿ ಬಾ". ಇನ್ನೊಂದು, "ಆ ಕುರ್ಚಿ ತಗೊಂಡು ಅಷ್ಟು ದೂರ ಯಾಕ ಒದ್ದಾಡ್ತಿ, ಸುಮ್ನ ಕಾರ್ ಹೇಳು". ಮೊದಲಿನವರು ಲಿಫ್ಟ್ ತನಕ ಹೆಂಗ ಹೋಗಬೇಕು ಅಂತ ಹೇಳಲಿಲ್ಲ, ಎರಡನೇದವರು ಕಾರಿನ ಹದಿನೈದು ಸಾವಿರ ಯಾರು ಕೊಡ್ತಾರಂತ ಹೇಳಲಿಲ್ಲ.

ನನ್ನದು ಸಣ್ಣಾಕಿ ಇದ್ದಾಗ ಪೋಲಿಯೋ ಆದದ್ದು, ಎರಡೂ ಕಾಲಿಗೆ ಬಲ ಇಲ್ಲ, ಯುಡಿಐಡಿ (ಸರಕಾರದ ಅಂಗವಿಕಲರ ಗುರುತಿನ) ಕಾರ್ಡಿನಾಗ 85 ಪರ್ಸೆಂಟ್ ಅಂಗವಿಕಲತೆ ಅಂತೈತಿ. ನವನಗರದಾಗ ಮನಿ, ಹುಡುಗರಿಗೆ ಟ್ಯೂಷನ್ ಹೇಳ್ತೀನಿ. ಅಣ್ಣ ಬೆಂಗಳೂರಿನ ಕಾಡುಗೋಡಿ ಕಡೆ ಫ್ಲ್ಯಾಟ್ ತಗೊಂಡಾನ, ಗೃಹಪ್ರವೇಶಕ್ಕ ಬರಲೇಬೇಕಂತ ಹಟ ಹಿಡದ. ನನಗೂ ಅಲ್ಲಿ ಮೆಟ್ರೋ ಹತ್ತೂ ಆಸೆ ಭಾಳ ದಿನದ್ದು. ಜೊತಿಗೆ ತಂಗಿ ಬಂದ್ಲು.

ಮೊದಲು ಕಾಗದಪತ್ರದ ಮಾತು. ಭಾಳ ಮಂದಿ ಯುಡಿಐಡಿ ತೋರಿಸಿದ್ರ ರೈಲ್ವೆ ಟಿಕೆಟ್ ಕಡಿಮಿ ಆಗ್ತೈತಿ ಅಂತ ತಿಳ್ಕೊಂಡಾರ. ಹಂಗಿಲ್ಲ. ರೈಲ್ವೆಯವರದ ಒಂದು ರಿಯಾಯಿತಿ ಸರ್ಟಿಫಿಕೇಟ್ ನಮೂನಿ ಬ್ಯಾರೆ ಐತಿ, ಅದನ್ನ ಸರಕಾರಿ ಡಾಕ್ಟರ್ ತುಂಬಿ, ಸಹಿ ಮಾಡಿ, ಸೀಲು ಹೊಡೀಬೇಕು. ಅದರಾಗ ಇವರಿಗೆ ಜೊತಿಗೊಬ್ರು ಇಲ್ಲದ ಪ್ರಯಾಣ ಮಾಡಾಕ ಆಗೂದಿಲ್ಲ ಅನ್ನೂ ಮಾತು ಇದ್ದಾಗ ನಮಗೂ ಜೊತಿಗೆ ಬರೋರಿಗೂ ಸ್ಲೀಪರ್, ಥರ್ಡ್ ಎಸಿ, ಚೇರ್ ಕಾರ್‌ನಾಗ 75 ಪರ್ಸೆಂಟ್ ಬಿಡ್ತಾರ, ಸೆಕೆಂಡ್ ಎಸಿ ಫಸ್ಟ್ ಎಸಿಗೆ 50. ರಾಜಧಾನಿ, ಶತಾಬ್ದಿಯಂಥಾ ಗಾಡಿಗೆ ಲೆಕ್ಕ ಬ್ಯಾರೆ, ಅಲ್ಲೆ ಥರ್ಡ್ ಎಸಿ ಚೇರ್ ಕಾರ್‌ಗೆ 25 ಅಷ್ಟ. ಕಿವಿ ಕೇಳದ, ಮಾತೂ ಬರದವರಿಗೆ ಸ್ಲೀಪರ್‌ನಾಗ 50. ಜೊತಿಗೆ ಬರೋರು ಒಬ್ಬರ ಹೋಗಾಕ ಆ ಟಿಕೆಟ್ ನಡಿಯೂದಿಲ್ಲ, ನಾವು ಸಂಗಡ ಇರಬೇಕು.

ಆ ನಮೂನಿ ಪ್ರಿಂಟ್ ತಗೊಂಡು ಒಂದು ಸರಕಾರಿ ದವಾಖಾನಿಗೆ ಹೋದ್ವಿ. ಡಾಕ್ಟರ್ ಮೀಟಿಂಗ್‌ನಾಗ ಅದಾರ ಅಂದ್ರು, ಊಟಕ್ಕ ಹೋಗ್ಯಾರ ಅಂದ್ರು, ಆಮ್ಯಾಲೆ ಆ ನಮೂನಿ ಅವರಿಗೇ ಗೊತ್ತಿಲ್ಲ, "ನಿಮ್ಮ ಕಡೆ ಕಾರ್ಡ್ ಐತಲ್ಲ, ಮತ್ತ್ಯಾಕ ಇದು" ಅಂತ ನನ್ನನ್ನ ಕೇಳಿದ್ರು. ಕಾಯೂ ಜಾಗಾ ಮೊದಲನೇ ಮಹಡಿ, ಲಿಫ್ಟಿನ ಮುಂದ ಸ್ಟ್ರೆಚರ್ ಸಾಲು, ಕೆಳಗ ಪೋರ್ಚ್‌ನಾಗ ನಾನು, ಮ್ಯಾಲೆ ಕಾಗದ ಹಿಡ್ಕೊಂಡು ತಂಗಿ. ಪುಣ್ಯಾ ಬರ್ಲಿ, ಒಬ್ರು ಹಿರೇ ನರ್ಸ್ ಅದನ್ನ ಓದಿ ನೋಡಿ, ಡಾಕ್ಟರ್‌ನ್ನ ಕೆಳಗ ಕರಕೊಂಡು ಬಂದು ಪೋರ್ಚ್‌ನಾಗ ಸಹಿ ಹಾಕಿಸಿದ್ರು. ನಿಮಗ ಹೇಳೂದು ಇಷ್ಟ: ನಮೂನಿ ಎರಡು ಪ್ರತಿ ಒಯ್ರಿ, ಡಾಕ್ಟರ್ ಹೆಸರು, ರಿಜಿಸ್ಟ್ರೇಷನ್ ನಂಬರ್, ದವಾಖಾನಿ ಸೀಲು ಅಚ್ಚುಕಟ್ಟಾಗಿ ಓದೂವಂಗ ಐತಾ ಅಲ್ಲೇ ನೋಡ್ರಿ, ಫೋಟೋದ ಮ್ಯಾಲೂ ಅರ್ಧ ಸೀಲು ಬೀಳಬೇಕು. ನಮ್ಮದು ಆನ್‌ಲೈನ್ ಹಾಕಿದ ಮ್ಯಾಲೆ ಸೀಲು ಮಸುಕಾಗೈತಿ ಅಂತ ವಾಪಸ್ ಬಂತು, ಮತ್ತ ದವಾಖಾನಿ, ಮತ್ತ ಪೋರ್ಚ್.

ಹಿಂದಕ್ಕ ಈ ಅರ್ಜಿ ಹಿಡ್ಕೊಂಡು ಡಿಆರ್‌ಎಂ (ರೈಲ್ವೆ ಡಿವಿಜನ್ ಮ್ಯಾನೇಜರ್) ಆಫೀಸಿಗೆ ಹೋಗಬೇಕಾಗಿತ್ತು, ಈಗ ರೈಲ್ವೆ ದಿವ್ಯಾಂಗಜನ ಕಾರ್ಡಿಗೆ ವೆಬ್‌ಸೈಟ್‌ನಾಗ ಹಾಕಬಹುದು. ರಿಯಾಯಿತಿ ಸರ್ಟಿಫಿಕೇಟ್, ಅಂಗವಿಕಲತೆ ಸರ್ಟಿಫಿಕೇಟ್, ಆಧಾರ್, ಫೋಟೋ, ಜನ್ಮ ದಿನಾಂಕದ ಪುರಾವೆ, ವಿಳಾಸದ ಪುರಾವೆ ಸ್ಕ್ಯಾನ್ ಮಾಡಿ ಹಾಕೂದು, ಡಿವಿಜನ್ ಆಫೀಸಿನವರು ಪರಿಶೀಲಿಸಿ ನಂಬರ್ ಕೊಡ್ತಾರ. ನಮಗ, ಗದಗಿನವರಿಗೆ, ಹಾವೇರಿಯವರಿಗೆ ಎಲ್ಲಾ ಹುಬ್ಬಳ್ಳಿ ಆಫೀಸ್‌ನೇ ಹತ್ರದ್ದು. ಆ ನಂಬರ್ ಐಆರ್‌ಸಿಟಿಸಿಯಾಗ ಹಾಕಿದ್ರ ಮೊಬೈಲ್‌ನಾಗ ಟಿಕೆಟ್ ಆಗ್ತೈತಿ. ಹಳ್ಳಿಯಾಗ ಇರೋರು ಇಷ್ಟೆಲ್ಲಾ ಒಬ್ಬರ ಮಾಡಾಕ ಹೋಗಬ್ಯಾಡ್ರಿ, ಗ್ರಾಮ ಪಂಚಾಯ್ತಿಯಾಗ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅಂತ ಇರ್ತಾರ, ಅವರೂ ಹೆಚ್ಚು ಕಡಿಮಿ ನಮ್ಮಂಗ ಅಂಗವಿಕಲರ, ಅವರಿಗೆ ಯಾವ ಟೇಬಲ್‌ಗೆ ಹೋಗಬೇಕು ಗೊತ್ತಿರ್ತೈತಿ.

ಬಸ್ ಯಾಕ ಬ್ಯಾಡ ಅಂತ ಕೇಳಬಹುದು. ಶಕ್ತಿ ಯೋಜನೆ 2023ರ ಜೂನ್‌ದಾಗ ಬಂದಾಗಿಂದ ಸಾದಾ ಬಸ್ಸಿನಾಗ ನಮಗ ಹೆಣಮಕ್ಕಳಿಗೆ ಫುಕಟ್ಟ ಐತಿ ಖರೇ, ಆದ್ರ ಆ ಮೆಟ್ಟಲು ಯಾರು ಹತ್ತಬೇಕು? ಗಂಡಸರಿಗೆ ವರ್ಷಕ್ಕ 660 ರೂಪಾಯಿದು ಅಂಗವಿಕಲರ ಪಾಸ್ ಐತಿ, ಅದು ಇರೋ ಜಾಗಾದಿಂದ 100 ಕಿಲೋಮೀಟರ್ ತನಕ ಅಷ್ಟ. ಬೆಂಗಳೂರು ನಾಕ್ನೂರು ದಾಟತೈತಿ.

ಟಿಕೆಟ್ ಮಾಡೂವಾಗ ಎರಡು ವಿಚಾರ ಮಾಡ್ರಿ. ಒಂದು, ಸಾಧ್ಯ ಆದ್ರ ಹುಬ್ಬಳ್ಳಿಯಿಂದಲೇ ಹೊಂಡೂ ಗಾಡಿ ಹಿಡೀರಿ. ರಾಣಿ ಚೆನ್ನಮ್ಮದಂಥವು ಬೆಳಗಾವಿ ಕಡೆಯಿಂದ ಬರ್ತಾವ, ನಿಂತ್ವು ಅನ್ನೂದ್ರಾಗ ಹೊಂಡ್ತಾವ, ನಮ್ಮನ್ನ ಎತ್ತಿ ಕುಂಡ್ರಸೂದು ಅವಸರದ ಕೆಲಸ ಅಲ್ಲ. ಇಲ್ಲಿಂದ ಹೊಂಡೂ ಗಾಡಿ ಮೊದಲ ಬಂದು ನಿಂತಿರ್ತೈತಿ. ಎರಡು, ಬೆಂಗಳೂರಾಗ ಯಾವ ಸ್ಟೇಷನ್ ಅಂತ ನೋಡ್ರಿ. ಕೆಎಸ್‌ಆರ್ ಮತ್ತ ಯಶವಂತಪುರಕ್ಕ ಮೆಟ್ರೋ ಹತ್ರ ಐತಿ, ಬೈಯಪ್ಪನಹಳ್ಳಿಯ ಎಸ್‌ಎಂವಿಟಿಗೆ ಹೋಗಿಳದ್ರ ಮೆಟ್ರೋ ತನಕ ಮತ್ತ ಆಟೋ ಮಾಡಬೇಕು. ದಿವ್ಯಾಂಗ ಕೋಟಾದಾಗ ಸ್ಲೀಪರ್, ಥರ್ಡ್ ಎಸಿಗೆ ನಾಕ ನಾಕ ಬರ್ತ್ ಇಟ್ಟಿರ್ತಾರ, ಎರಡು ಲೋವರ್ ಎರಡು ಮಿಡಲ್, ಲೋವರ್ ನಮಗ, ಮಿಡಲ್ ಜೊತಿಗಿದ್ದವರಿಗೆ. ನಾವು ಥರ್ಡ್ ಎಸಿ ಮಾಡಿದ್ವಿ.

ಹೊಂಟ ದಿನ ಮಧ್ಯಾಹ್ನದಿಂದ ನೀರು ಕುಡಿಯೂದು ಬಿಟ್ಟೆ. ಇದನ್ನ ಬರಿಯಾಕ ನಾಚಿಕಿ ಬರ್ತೈತಿ, ಆದ್ರ ಕುರ್ಚಿ ಮ್ಯಾಲಿನ ಎಲ್ಲಾ ಹೆಣಮಕ್ಕಳಿಗೂ ಗೊತ್ತಿರೋ ಮಾತು. ಎಸಿ ಬೋಗಿಯೊಳಗಿನ ದಾರಿಯಾಗ ನನ್ನ 25 ಇಂಚಿನ ಕುರ್ಚಿ ಹೋಗೂದಿಲ್ಲ, ಟಾಯ್ಲೆಟ್ ಬಾಗಲಾ ಅಂತೂ ಮರತು ಬಿಡ್ರಿ. ಹಿಂಗಾಗಿ ಮಧ್ಯಾಹ್ನದಿಂದ ಮರುದಿನ ಮುಂಜಾನೆ ತನಕ ತಡಿಯೂದು. ಡಾಕ್ಟರ್ ಬೈತಾರ, ಕಿಡ್ನಿಗೆ ಚಲೋ ಅಲ್ಲ ಅಂತಾರ, ಗೊತ್ತೈತಿ, ಏನ್ ಮಾಡೂದು.

ನವನಗರದಿಂದ ರೈಲ್ವೆ ಸ್ಟೇಷನ್‌ಗೆ ಚಿಗರಿಯಾಗ, ಅಂದ್ರ ನಮ್ಮ ಹುಬ್ಬಳ್ಳಿ ಧಾರವಾಡದ ಬಿಆರ್‌ಟಿಎಸ್ ಬಸ್ಸಿನಾಗ ಹೋದ್ವಿ. ರೋಡ್ ದಾಟಿ ನಟ್ಟ ನಡುವಿನ ಬಸ್ ಸ್ಟೇಷನ್ ತನಕ ಹೋಗೂದು ಒಂದು ಕೆಲಸ, ಹೋದ ಮ್ಯಾಲೆ ಮಾತ್ರ ಚಿಂತಿ ಇಲ್ಲ, ರ‍್ಯಾಂಪ್ ಹತ್ತಿದ್ರ ಬಸ್ಸಿನ ನೆಲ ಪ್ಲಾಟ್‌ಫಾರ್ಮಿನ ನೆಲ ಒಂದ ಮಟ್ಟ, ಸೀದಾ ಉರುಳಿಸ್ಕೊಂಡು ಒಳಗ. 2018ರಾಗ ಇದು ಶುರು ಆದಾಗ ಮಂದಿ ರೋಡ್ ಹಾಳಾತು, ಗಿಡ ಕಡದ್ರು ಅಂತ ಬೈದಿದ್ದು ನೆನಪೈತಿ, ನಾನೂ ಗಿಡದ ಸಲುವಾಗಿ ಬೈದೇನಿ. ಆದ್ರ ನನ್ನ ಜೀವನದಾಗ ಯಾರೂ ಎತ್ತದ ನಾನು ಹತ್ತಿದ ಮೊದಲನೇ ಬಸ್ಸು ಅದ.

ಹುಬ್ಬಳ್ಳಿ ಸ್ಟೇಷನ್‌ನಾಗ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಐತಿ, ಜಗತ್ತಿನಾಗ ದೊಡ್ಡದು, 2023ರ ಮಾರ್ಚ್‌ದಾಗ ಉದ್ಘಾಟನೆ ಆದದ್ದು, ನಮಗೆಲ್ಲಾ ಹೆಮ್ಮೆ. ಕುರ್ಚಿ ನೂಕೋ ನನ್ನ ತಂಗಿಗೆ ಮಾತ್ರ ಆ ಹೆಮ್ಮೆ ಅಷ್ಟು ಕಾಣಲಿಲ್ಲ. ಅದಕ್ಕ ಕೋಚ್ ಯಾವ ಕಡೆ ಬರ್ತೈತಿ ಅಂತ ಮೊದಲ ತಿಳ್ಕೊಂಡು ಅಲ್ಲೇ ಹೋಗಿ ಕುಂಡ್ರಿ. ಸ್ಟೇಷನ್ ಗಾಲಿಕುರ್ಚಿ ಬೇಕಾದ್ರ ಸ್ಟೇಷನ್ ಮಾಸ್ಟರ್ ಕಡೆ ಕೇಳ್ರಿ, ಕುರ್ಚಿಗೆ ದುಡ್ಡಿಲ್ಲ, ನೂಕೂ ಹಮಾಲರಿಗೆ ಕೊಡಬೇಕು. ನಮ್ಮ ಕುರ್ಚಿ ಇದ್ದರೂ ಎತ್ತಾಕ ಇಬ್ಬರು ಹಮಾಲರನ್ನ ಹೇಳಿದ್ವಿ, ಇಬ್ಬರಿಗೂ ಸೇರಿ 400.

ಯಾಕಂದ್ರ ಪ್ಲಾಟ್‌ಫಾರ್ಮ್ ಎಷ್ಟ ಎತ್ತರ ಇದ್ರೂ ಬೋಗಿಯ ನೆಲ ಅದಕ್ಕಿಂತ ಒಂದಡಿಗೂ ಹೆಚ್ಚು ಮ್ಯಾಲೆ ಇರ್ತೈತಿ, ನಡುವ ಸಂದಿ ಬ್ಯಾರೆ. ಎತ್ತೂದು ಅನ್ನೂದು ಜ್ವಾಳದ ಚೀಲ ಎತ್ತಿದಂಗ ಅಂತ ಕೆಲವರು ತಿಳ್ಕೊಂಡಿರ್ತಾರ, ಕಂಕಳಾಗ ಕೈ ಹಾಕಿ ಎಳದು ಬಿಡ್ತಾರ. ಅದಕ್ಕ ನಾನು ಮೊದಲ ಹೇಳ್ತೀನಿ: ಅಣ್ಣಾರ, ನೀವೊಬ್ರು ಹಿಂದಿನ ಹಿಡಿಕಿ, ನೀವು ಮುಂದ ಫ್ರೇಮ್‌ಗೆ ಕೈ ಹಾಕ್ರಿ, ಕಾಲಿಡೂ ಪಟ್ಟಿ ಹಿಡೀಬ್ಯಾಡ್ರಿ ಅದು ಕಿತ್ತು ಬರ್ತೈತಿ, ನಾನು ಮೂರು ಅಂದಾಗ ಎತ್ರಿ. ಗಟ್ಟಿ ದನಿಯಾಗ ಹೇಳ್ರಿ. ಮೊದಮೊದಲು ನನಗ ಹಂಗ ಹೇಳಾಕ ಆಗ್ತಿದ್ದಿಲ್ಲ, ಎತ್ತಾಕ ಬಂದಾರಲ್ಲ ಅನ್ನೂ ಉಪಕಾರದ ಭಾರಕ್ಕ ಸುಮ್ನ ಇರ್ತಿದ್ದೆ. ಬಾಗಲಾದಿಂದ ಸೀಟಿನ ತನಕ ಮಾತ್ರ ಕುರ್ಚಿ ಬಿಟ್ಟು ಮನಷ್ಯಾನ್ನ ಎತ್ತಬೇಕಾತು, ಗೊತ್ತಿಲ್ಲದ ಗಂಡಸರ ಕೈಯಾಗ, ಬೋಗಿ ಮಂದಿ ಎಲ್ಲಾ ನೋಡಾಕ ಹತ್ತಿದಾಗ. ತಂಗಿ ಶಾಲು ಹೊಚ್ಚಿದ್ಲು. ಕುರ್ಚಿ ಮಡಚಿ ಲೋವರ್ ಬರ್ತಿನ ಕೆಳಗ ತಳ್ಳಿದ್ವಿ, ಅದಕ್ಕ ಮಡಚೂ ಕುರ್ಚಿನ ಒಯ್ರಿ.

ಎದುರಿನ ಬರ್ತಿನವರೊಬ್ರು ಭಾಳ ಕಳಕಳಿಯಿಂದ, "ಇಷ್ಟು ತ್ರಾಸ ಪಟ್ಟು ಯಾಕ ಹೋಗಬೇಕವಾ" ಅಂದ್ರು. ಬಸ್ಸು, ರೈಲು, ಸ್ಟೇಷನ್ ನಮಗೂ ಉಪಯೋಗ ಆಗೂವಂಗ ಇರಬೇಕಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಾಗ ಬರದಾರ, ಆ ನಿಯಮ ಬರೇ ಸಲಹೆ ಥರ ಇದ್ರ ಸಾಲೂದಿಲ್ಲ, ಕಡ್ಡಾಯ ಮಾಡ್ರಿ ಅಂತ 2024ರ ನವೆಂಬರ್‌ದಾಗ ಸುಪ್ರೀಂ ಕೋರ್ಟ್ ಹೇಳೈತಿ ಅಂತ ಬಾಯಿ ತುದಿ ತನಕ ಬಂತು. ಅವರು ಆಗಲೇ ಗೊರಕಿ ಹೊಡಿಯಾಕ ಶುರು ಮಾಡಿದ್ರು.

ಮುಂಜಾನೆ ಕೆಎಸ್‌ಆರ್‌ನಾಗ ಇಳದ್ವಿ. ಎಲ್ಲಾರೂ ಇಳಿಯೂತನ ಕಾದು ಕುಂಡ್ರಿ, ಅದ ಕೊನೇ ಸ್ಟೇಷನ್ನು, ಅವಸರ ಇಲ್ಲ. ಇಲ್ಲಿಂದ ಮೆಟ್ರೋ ಅಂದ್ರ ಎರಡು ಸ್ಟೇಷನ್ ಹತ್ರ, ಒಂದು ರೈಲ್ವೆ ಸ್ಟೇಷನ್ ಹೆಸರಿಂದ ಐತಿ, ಇನ್ನೊಂದು ಮೆಜೆಸ್ಟಿಕ್. ಯಾವ ಪ್ಲಾಟ್‌ಫಾರ್ಮಿಗೆ ಗಾಡಿ ಬಂದೈತಿ ಅನ್ನೂದರ ಮ್ಯಾಲೆ ಯಾವುದು ಸಲೀಸು ಅಂತ ನಿರ್ಣಯ ಮಾಡಬೇಕು. ಹಮಾಲರನ್ನ ಕೇಳ್ರಿ, ಮ್ಯಾಪ್ ಕೇಳಬ್ಯಾಡ್ರಿ. ಮ್ಯಾಪ್‌ಗೆ ಮೆಟ್ಟಲು ಕಾಣೂದಿಲ್ಲ, ಐದು ನಿಮಿಷ ನಡಿಗಿ ಅಂತ ತೋರಿಸ್ತೈತಿ, ನಮಗ ಮುಕ್ಕಾಲು ತಾಸು ಹಿಡೀತು. ಒಂದು ಕಡೆ ಫುಟ್‌ಪಾತ್ ಮ್ಯಾಲೆ ಬೈಕ್ ಹತ್ತಬಾರದಂತ ಕಂಬ ಹುಗದಾರ, ಆ ಕಂಬದ ನಡುವ ಬೈಕ್ ಪಾರಾಗಿ ಹೋಗ್ತೈತಿ, ಕುರ್ಚಿ ಹೋಗೂದಿಲ್ಲ. ಕೆಳಗ ರೋಡಿಗೆ ಇಳದು, ಬಸ್ಸಿನ ಹಾರ್ನ್ ಕಿವಿಯಾಗ ಊದಿಸ್ಕೊಂಡು, ಮತ್ತ ಮ್ಯಾಲೆ ಹತ್ತಿದ್ವಿ.

ಮೆಟ್ರೋ ಒಳಗ ಹೋದ ಮ್ಯಾಲೆ ನಾನು ಬ್ಯಾರೆ ಮನಷ್ಯಾಳಾದೆ. ಲಿಫ್ಟ್, ಅಗಲ ಗೇಟ್, ಕಣ್ಣು ಕಾಣದವರಿಗೆ ನೆಲದ ಮ್ಯಾಲೆ ಉಬ್ಬು ಪಟ್ಟಿ, ಎಲ್ಲಾ ಐತಿ. ಸೆಕ್ಯುರಿಟಿ ಅಕ್ಕ ಕುರ್ಚಿ ಸಮೇತ ಪಕ್ಕಕ್ಕ ಕರದು ತಪಾಸಣೆ ಮಾಡಿದ್ರು. ಎಲ್ಲಿ ಇಳಿತೀರಿ ಅಂತ ಕೇಳಿ ಆ ಸ್ಟೇಷನ್‌ಗೆ ಫೋನ್ ಹಚ್ಚಿ ಹೇಳಿದ್ರು, ಅಲ್ಲಿ ಇಳದಾಗ ಒಬ್ಬ ಹುಡುಗ ನಿಂತಿದ್ದ. ಮೊದಲ ಮೆಜೆಸ್ಟಿಕ್‌ನಾಗ ಟಾಯ್ಲೆಟ್ ಕೇಳಿದೆ, ಕುರ್ಚಿ ಒಳಗ ಹೋಗೂ ಟಾಯ್ಲೆಟ್, ಹಿಡಕೊಳ್ಳಾಕ ಸರಳು. ಆಮ್ಯಾಲೆ ಒಂದು ಬಾಟಲಿ ನೀರು ಒಂದ ಉಸಿರಿನಾಗ ಕುಡದೆ. ಲಾಲ್‌ಬಾಗಿನ ಹೂವಿಗಿಂತ ಅದ ನೆನಪಿರ್ತೈತಿ ನನಗ.

ರೊಕ್ಕದ ಬಗ್ಗೆ: ಮೆಟ್ರೋದಾಗ ನಾವಿಬ್ಬರೂ ಪೂರಾ ಟಿಕೆಟ್ ಕೊಟ್ವಿ. 2025ರ ಫೆಬ್ರವರಿಯಾಗ ದರ ಏರಿಸಿದ ಮ್ಯಾಲೆ ಕನಿಷ್ಠ 10, ಗರಿಷ್ಠ 90 ಆಗೈತಿ, ದೂರ ಹೋಗೋರಿಗೆ ಇಬ್ಬರದು ಕೂಡಿದ್ರ ಕೈಗೆ ಹತ್ತತೈತಿ. ರೈಲಿನಾಗ ನಾಕ್ನೂರು ಕಿಲೋಮೀಟರ್ ದಾಟಿ ಬಂದಿದ್ದಕ್ಕ ಕಾಲು ಭಾಗ ದುಡ್ಡು, ಊರೊಳಗ ಓಡ್ಯಾಡಾಕ ಪೂರಾ. ನನಗಂತೂ ಇದರ ಲೆಕ್ಕ ತಿಳಿಲಿಲ್ಲ.

ಹತ್ತೂವಾಗ ಒಂದು ಸೂಕ್ಷ್ಮ ಐತಿ. ಗಾಡಿ ಮತ್ತ ಪ್ಲಾಟ್‌ಫಾರ್ಮ್ ನಡುವಿನ ಸಂದಿ ಸಣ್ಣದಿದ್ರೂ ಮುಂದಿನ ಪುಟ್ಟ ಗಾಲಿ ಅಡ್ಡ ತಿರುಗಿ ಸಿಕ್ಕೊಂಡು ಬಿಡ್ತಾವ. ಕುರ್ಚಿ ತಿರುವಿ ದೊಡ್ಡ ಗಾಲಿ ಮೊದಲ ದಾಟಿಸ್ರಿ, ಬೆನ್ನು ಮುಂದ ಮಾಡಿ ಹೋಗೂದು. ಕುರ್ಚಿ ನಿಲ್ಲಾಕ ಜಾಗಾ ಗುರುತು ಹಾಕಿರ್ತಾರ, ಅಲ್ಲೇ ಬೆಲ್ಟ್, ಸರಳು ಐತಿ, ಬ್ರೇಕ್ ಹಾಕ್ಕೊಳ್ರಿ. ಮುಂಜಾನೆ ಒಂಬತ್ತರಿಂದ ಹತ್ತೂವರಿ ತನಕ ಮಾತ್ರ ಆ ಕಡೆ ಹೋಗಲೇಬ್ಯಾಡ್ರಿ. ಮಂದಿ ಕೆಟ್ಟವರಲ್ಲ, ಸರಿಯಾಕ ಅವರಿಗೂ ಜಾಗಾ ಇರೂದಿಲ್ಲ. ಕಾಡುಗೋಡಿ ತನಕ ಪರ್ಪಲ್ ಲೈನ್, 2023ರ ಅಕ್ಟೋಬರ್‌ದಾಗ ಪೂರಾ ಆದದ್ದು, ಕಿಡಕಿಯಾಗಿಂದ ಊರು ನೋಡ್ಕೊಂತ ಹೋದ್ವಿ, ಯಾರ ಕೈಯೂ ನನ್ನ ಮೈಗೆ ಹತ್ತಲಿಲ್ಲ.

ಅಲ್ಲಿಂದ ಅಣ್ಣನ ಮನಿ ಎರಡು ಕಿಲೋಮೀಟರ್ ಇಲ್ಲ, ಆದ್ರ ದಿನದ ದೊಡ್ಡ ತ್ರಾಸ ಅದ ಆತು. ಆ್ಯಪ್‌ನಾಗ ಕಾರ್ ಬುಕ್ ಮಾಡಿದ್ರ ಡ್ರೈವರ್ ಬಂದು, ಕುರ್ಚಿ ನೋಡಿ, "ಡಿಕ್ಕಿಯಾಗ ಗ್ಯಾಸ್ ಸಿಲಿಂಡರ್ ಐತಿ" ಅಂತ ಹೋಗಿಬಿಟ್ಟ. ಇನ್ನೊಬ್ಬ ದೂರದಿಂದ ನೋಡಿ ಅಲ್ಲಿಂದ ಕ್ಯಾನ್ಸಲ್. ಸಿಎನ್‌ಜಿ ಕಾರಿನಾಗ ಡಿಕ್ಕಿ ತುಂಬ ಸಿಲಿಂಡರ್ ಇರೂದು ಖರೇನ, ಅದಕ್ಕ ಬುಕ್ ಮಾಡಿದ ಕೂಡ್ಲೇ ಫೋನ್ ಮಾಡಿ ಮಡಚೂ ಗಾಲಿಕುರ್ಚಿ ಐತಿ, ಮ್ಯಾಲೆ ಕ್ಯಾರಿಯರ್ ಐತಾ ಅಂತ ಕೇಳ್ರಿ. ಕಡೀಕ ಒಬ್ಬ ಆಟೋದವ, ನಮ್ಮ ಮಾತು ಕೇಳಿ ಹುಬ್ಬಳ್ಳಿಯವರೇನ್ರಿ ಅಂದ, ಅವನು ಶಿಗ್ಗಾವಿ ಕಡೆಯವ, ಕುರ್ಚಿ ಹಿಂದ ಹಗ್ಗದಿಂದ ಕಟ್ಟಿ ಮನಿ ಬಾಗಲಾಕ್ಕ ಬಿಟ್ಟ. 150 ಕೊಟ್ವಿ. ಅವನ ನಂಬರ್ ತಗೊಂಡು ಅಲ್ಲಿರೂ ತನಕ ಅವನ್ನ ಕರದ್ವಿ.

ಗೃಹಪ್ರವೇಶ ಚಲೋ ಆತು, ಅದನ್ನ ಇಲ್ಲಿ ಬರಿಯೂದು ಬ್ಯಾಡ.

ಲಾಲ್‌ಬಾಗಿಗೆ ಹೋದ ದಿನ ಮೆಜೆಸ್ಟಿಕ್‌ನಾಗ ಗ್ರೀನ್ ಲೈನ್‌ಗೆ ಬದಲಿ ಮಾಡಿದ್ವಿ. ಎರಡು ಲೈನ್ ಬ್ಯಾರೆ ಬ್ಯಾರೆ ಮಟ್ಟದಾಗ ಅದಾವ, ಲಿಫ್ಟ್ ಹುಡುಕೂದ ಕೆಲಸ, ಮಂದಿ ಹೋಗೂ ಕಡೆ ಎಸ್ಕಲೇಟರ್ ಇರ್ತೈತಿ, ಲಿಫ್ಟ್ ಮೂಲ್ಯಾಗ. ಇನ್ನೊಂದು ತಿಳ್ಕೊಳ್ರಿ, ಸ್ಟೇಷನ್ನಿನ ಎಲ್ಲಾ ಗೇಟಿನಾಗೂ ಲಿಫ್ಟ್ ಇರೂದಿಲ್ಲ. ಒಂದು ಸ್ಟೇಷನ್‌ನಾಗ ಲಿಫ್ಟ್ ರೋಡಿನ ಆಚೆ ಬದಿಗೆ ಇತ್ತು, ನಾವು ಈಚೆ, ನಡುವ ಡಿವೈಡರ್, ಸಿಗ್ನಲ್ ತನಕ ಹೋಗಿ ದಾಟಿ ವಾಪಸ್ ಬರಬೇಕಾತು. ಇಳದ ಕೂಡ್ಲೇ "ಲಿಫ್ಟ್ ಇರೋ ಗೇಟ್ ಯಾವುದು, ಅದು ರೋಡಿನ ಯಾವ ಬದಿಗೆ ಬಿಡ್ತೈತಿ" ಅಂತ ಎರಡೂ ಕೇಳ್ರಿ. ಬೆಂಗಳೂರಾಗ ನನಗ ತಿಳದದ್ದು ಇದ, ಗಾಡಿ ಒಳಗ ಕುಂತ ಮ್ಯಾಲೆ ಯಾವ ತೊಂದ್ರಿನೂ ಇಲ್ಲ, ಒಂದು ಗಾಡಿ ಬಿಟ್ಟು ಇನ್ನೊಂದಕ್ಕ ಹೋಗೂ ಆ ನೂರಿನ್ನೂರು ಹೆಜ್ಜಿಗೆ ಯಾರೂ ಜವಾಬ್ದಾರರಲ್ಲ. ಹಂಗಾಗಿ ಪ್ಲಾನ್ ಮಾಡೂವಾಗ ಟೈಮ್ ಎಲ್ಲಾ ಆ ಹೆಜ್ಜಿಗೆ ಇಡ್ರಿ.

ಲಾಲ್‌ಬಾಗ್ 240 ಎಕರೆ, ದಾರಿ ಸಪಾಟ ಐತಿ, ಗಾಜಿನ ಮನಿ ತನಕ ನಾನ ಕೈಯಿಂದ ಗಾಲಿ ತಿರುವಿಕೊಂತ ಹೋದೆ. ಭುಜದ ನೋವು ಅಲ್ಲಿಂದ್ಲೇ ಶುರು.

ವಾಪಸ್ ಬರೂವಾಗ ಒಂದ್ಸಲ ಸಿಟಿ ಬಸ್ಸೂ ಹತ್ತಿ ನೋಡೂನು ಅಂತ ತಂಗಿ ಅಂದ್ಲು. ಈಗ ಎಲೆಕ್ಟ್ರಿಕ್ ಬಸ್ಸಿನಾಗ ನೆಲ ತಗ್ಗಿಂದು ಅದಾವ, ನಡುವಿನ ಬಾಗಲಾದಾಗ ಮಡಚಿದ ರ‍್ಯಾಂಪ್ ಇರ್ತೈತಿ, ಕಂಡಕ್ಟರ್ ಅಥವಾ ಡ್ರೈವರ್ ಕೈಯಿಂದ ತಗೀಬೇಕು. ನಮ್ಮ ಕಂಡಕ್ಟರ್ ತಗದ್ರು, ಮಂದಿ ಸರದು ನಿಂತ್ರು, ಹತ್ತಿದೆ. ಸ್ಟಾಪಿನಾಗ ಅಡ್ಡ ನಿಂತ ಗಾಡಿಗಳ ದೆಸೆಯಿಂದ ಬಸ್ಸು ಫುಟ್‌ಪಾತಿನ ಬಾಜೂಕ ನಿಲ್ಲಾಕ ಆಗಿದ್ದಿಲ್ಲ, ರ‍್ಯಾಂಪ್ ರೋಡಿಗೆ ಬಿತ್ತು, ಏರು ಜಾಸ್ತಿ, ಒಬ್ಬ ಕಾಲೇಜ್ ಹುಡುಗ ಹಿಂದಿಂದ ನೂಕಿದ. ಕರ್ನಾಟಕದ ಆಧಾರ್ ತೋರಿಸಿದ್ರ ಸಾದಾ ಬಸ್ಸಿಗೆ ಶಕ್ತಿ ಅಲ್ಲೂ ನಡಿತೈತಿ. ಫುಕಟ್ಟ ಟಿಕೆಟ್ ಖರೇನ ಉಪಯೋಗ ಆಗಿದ್ದು ನನಗ ಅವತ್ತ.

ಊರಿಗೆ ಬರೂವಾಗ ಬೇಕಂತಲೇ ದಿವ್ಯಾಂಗ ಬೋಗಿಯಾಗ ಬಂದ್ವಿ, ಟಾಯ್ಲೆಟ್ ಸಲುವಾಗಿ. ಗಾಡಿಯ ತುದಿಗೆ, ಗಾರ್ಡ್ ಡಬ್ಬಿ ಸಂಗಡ ಇರ್ತೈತಿ ಅದು. ಬಾಗಲಾ ಅಗಲ, ಕುರ್ಚಿ ಮ್ಯಾಲೆ ಕುಂತಂಗ ಒಳಗ ಹೋಗಬಹುದು, ಟಾಯ್ಲೆಟ್‌ನಾಗ ಹಿಡಿಕಿ ಐತಿ. ಆದ್ರ ರಿಸರ್ವೇಷನ್ ಇಲ್ಲ, ನಾವು ಹೋಗೂದ್ರಾಗ ಒಳಗ ಕೈಕಾಲು ಗಟ್ಟಿ ಇದ್ದ ಹತ್ತು ಹನ್ನೆರಡು ಮಂದಿ ಚಾದರ ಹಾಸಿದ್ರು. ಒಬ್ಬ ನನ್ನನ್ನ ನೋಡಿ ಕುಂಟಿದಂಗ ಮಾಡಿ ತೋರಿಸಿದ. ಜಗಳ ಮಾಡಾಕ ಹೋಗಬ್ಯಾಡ್ರಿ, ರೈಲ್ವೆ ಸಹಾಯವಾಣಿ 139ಕ್ಕ ಫೋನ್ ಹಚ್ಚಿ ಗಾಡಿ ನಂಬರ್, ಬೋಗಿ ಯಾವ ತುದಿಗೆ ಐತಿ ಅಂತ ಹೇಳ್ರಿ. ನಾವು ಹೇಳಿದ್ವಿ, ಮುಂದಿನ ಸ್ಟೇಷನ್‌ನಾಗ ಆರ್‌ಪಿಎಫ್‌ನವರು (ರೈಲ್ವೆ ರಕ್ಷಣಾ ಪಡೆ) ಹತ್ತಿ ಎಲ್ಲಾರನ್ನೂ ಇಳಿಸಿದ್ರು, ಕುಂಟಿದಂಗ ಮಾಡಿದವ ಎಲ್ಲಾರಕಿಂತ ಜೋರು ಓಡಿದ. ರಾತ್ರಿ ಪೂರಾ ನೀರು ಕುಡಕೊಂತ ಬಂದೆ.

ಒಟ್ಟ ಖರ್ಚು ಇಬ್ಬರದೂ ಸೇರಿ, ಹಮಾಲರು ಆಟೋ ಎಲ್ಲಾ ಹಿಡದು ಐದು ಸಾವಿರದ ಒಳಗ ಮುಗೀತು. ಅದರಾಗ ರೈಲು, ಮೆಟ್ರೋ ಟಿಕೆಟಿಗಿಂತ ಎತ್ತೂದಕ್ಕ ಮತ್ತ ಆಟೋಕ್ಕ ಕೊಟ್ಟದ್ದ ಜಾಸ್ತಿ. ರಿಯಾಯಿತಿ ಸರ್ಟಿಫಿಕೇಟ್ ಒರಿಜಿನಲ್ ಕೈಯಾಗ ಇರಲಿ, ಟಿಟಿಇ ಕೇಳ್ತಾರ, ನಮಗ ಹೋಗೂವಾಗ ಕೇಳಿದ್ರು. ಟೈರಿನ ಪಂಪ್, ಒಂದು ಅಲೆನ್ ಕೀ, ಮೂರು ಮೀಟರ್ ಹಗ್ಗ, ತೆಳ್ಳನ ಶಾಲು ಇಷ್ಟು ಚೀಲದಾಗ ಇಟ್ಕೊಳ್ರಿ.

ದೀಪಾವಳಿಗೆ ಮತ್ತ ಬಾ ಅಂತಾನ ಅಣ್ಣ. ಈ ಸಲ ಹಗಲು ಗಾಡಿ ನೋಡಾಕ ಹತ್ತೇನಿ, 2023ರಿಂದ ಧಾರವಾಡ ಬೆಂಗಳೂರು ನಡುವ ಓಡೂ ವಂದೇ ಭಾರತ್‌ನಾಗ ಗಾಲಿಕುರ್ಚಿಯವರಿಗಂತಲೇ ದೊಡ್ಡ ಟಾಯ್ಲೆಟ್ ಐತಿ. ನಿಮ್ಮೊಳಗ ಯಾರರ ಕುರ್ಚಿ ತಗೊಂಡು ಅದರಾಗ ಹೋಗಿದ್ರ, ಯಾವ ಕೋಚ್ ಕೊಟ್ರು, ಕುರ್ಚಿ ಎಲ್ಲಿ ಇಟ್ರಿ, ಹುಬ್ಬಳ್ಳಿಯಾಗ ನಿಲ್ಲೂ ಅಷ್ಟು ಹೊತ್ತಿನಾಗ ಹತ್ತಾಕ ಸಾಕಾತೋ ಇಲ್ಲೋ ತಿಳಸ್ರಿ, ಇಲ್ಲಾಂದ್ರ ಚಿಗರಿ ಹತ್ತಿ ಧಾರವಾಡಕ್ಕ ಹೋಗಿ ಅಲ್ಲಿಂದ್ಲೇ ಕುಂಡ್ರತೀನಿ.